ಅವನೋ ಅವಳೋ ಎಂದು ಕೇಳುವವರಿಗೆ

ಕಳೆದ ವರ್ಷ ಮಳೆ ಹಿಡಿದಿದ್ದ ಒಂದು ಭಾನುವಾರ ಹಾಲ್‌ನಲ್ಲಿ ಕೂತು ಹಳೆಯ ಜಪಾನಿ ಅನಿಮೇಷನ್ ಸರಣಿಯೊಂದನ್ನು ನೋಡುತ್ತಿದ್ದೆ. ಅಮ್ಮ ಪಕ್ಕದಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಪರದೆಯ ಮೇಲೆ ವರ್ಸೇಲ್ಸ್ ಅರಮನೆಯ ಅಂಗಳ, ಬಿಳಿ ಕುದುರೆ, ಅದರ ಮೇಲೆ ಹೆಗಲ ತುಂಬ ಹೊಂಬಣ್ಣದ ಕೂದಲು ಹರಡಿಕೊಂಡ ಒಬ್ಬ ಅಧಿಕಾರಿ. ಎದೆಯಲ್ಲಿ ಪದಕ, ಸೊಂಟದಲ್ಲಿ ಕತ್ತಿ.

"ಯಾರೇ ಆ ಹುಡುಗ? ಎಷ್ಟು ಲಕ್ಷಣವಾಗಿದಾನೆ."

"ಹುಡುಗ ಅಲ್ಲಮ್ಮ, ಹುಡುಗಿ."

ಅಮ್ಮ ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದಳು. "ಅಲ್ಲಿರೋರಿಗೆಲ್ಲ ಗೊತ್ತಾ ಅದು?"

"ಎಲ್ಲರಿಗೂ ಗೊತ್ತು."

"ಗೊತ್ತಿದ್ದೂ ಸೆಲ್ಯೂಟ್ ಹೊಡೀತಿದಾರಾ?"

ಸರಣಿಯ ಹೆಸರು ‘ಬೆರುಸೈಯು ನೊ ಬಾರಾ’, ಅಂದರೆ ವರ್ಸೇಲ್ಸಿನ ಗುಲಾಬಿ. ಕುದುರೆಯ ಮೇಲಿದ್ದವಳು ಆಸ್ಕರ್ ಫ್ರಾಂಸ್ವಾ ದ ಜಾರ್ಜೇ. ನಾನು ಆಗಾಗ ಅನಿಮೆ ಬಗ್ಗೆ ಬರೆಯುತ್ತೇನೆ ಎನ್ನುವುದು ಗೊತ್ತಿರುವವರು, ಅದರಲ್ಲೂ 2025ರಲ್ಲಿ ಇದೇ ಕತೆಯ ಹೊಸ ಸಿನಿಮಾ ನೆಟ್‌ಫ್ಲಿಕ್ಸ್‌ಗೆ ಬಂದ ಮೇಲೆ, ನನ್ನನ್ನು ಕೇಳುವುದು ಒಂದೇ: ಆಸ್ಕರ್ ಗಂಡೋ ಹೆಣ್ಣೋ? ಸ್ವಲ್ಪ ಚಿಕ್ಕ ವಯಸ್ಸಿನವರಾದರೆ, ಆಸ್ಕರ್ ಟ್ರಾನ್ಸ್ ಅಲ್ಲವಾ, ನೀವ್ಯಾಕೆ ‘ಅವಳು’ ಅಂತ ಬರೀತೀರಿ? ಹಿರಿಯರಾದರೆ, ಗಂಡುವೇಷ ಹಾಕಿ ಮೋಸ ಮಾಡೋ ಕತೆಯಾ? ಅಮ್ಮ ಎರಡೇ ನಿಮಿಷದಲ್ಲಿ ಈ ಪ್ರಶ್ನೆಗಳನ್ನು ದಾಟಿ ಮೂರನೆಯದಕ್ಕೆ ಹೋಗಿದ್ದಳು. ನನ್ನ ಉತ್ತರವೆಲ್ಲ ಅವಳ ಆ ಮೂರನೆಯ ಪ್ರಶ್ನೆಗೇ: ಗೊತ್ತಿದ್ದೂ ಸೆಲ್ಯೂಟ್ ಯಾಕೆ?

ಮೊದಲು ಕತೆ ಗೊತ್ತಿಲ್ಲದವರಿಗೆ ಒಂದಿಷ್ಟು. ರಿಯೊಕೊ ಇಕೆದಾ ಎಂಬಾಕೆ 1972ರಲ್ಲಿ, ತನ್ನ ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ, ‘ಮಾರ್ಗರೆಟ್’ ಎಂಬ ಹುಡುಗಿಯರ ವಾರಪತ್ರಿಕೆಗೆ ಈ ಮಂಗಾ, ಅಂದರೆ ಜಪಾನಿ ಚಿತ್ರಕತೆ, ಬರೆಯತೊಡಗಿದರು. ಶಾಲಾದಿನಗಳಲ್ಲಿ ಓದಿದ್ದ, ಸ್ಟೆಫಾನ್ ಜ್ವೈಗ್ ಬರೆದ ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್ ಜೀವನಚರಿತ್ರೆ ಅದಕ್ಕೆ ಪ್ರೇರಣೆ. ಕತೆಯ ನಾಯಕಿ ರಾಣಿಯೇ ಆಗಬೇಕಿತ್ತು. ಆದರೆ ಅವಳ ಕಾವಲಿಗೆಂದು ನಿಲ್ಲಿಸಿದ ಕಲ್ಪನೆಯ ಪಾತ್ರ ಆಸ್ಕರ್ ಓದುಗರ ಮನಸ್ಸನ್ನು ಹೊತ್ತುಕೊಂಡು ಹೋಯಿತು. 1979ರ ಅಕ್ಟೋಬರಿನಿಂದ 1980ರ ಸೆಪ್ಟೆಂಬರ್‌ವರೆಗೆ ಜಪಾನಿನ ಟೀವಿಯಲ್ಲಿ 40 ಕಂತುಗಳ ಅನಿಮೆ ಬಂತು. ಶುರುವಿನ ಕಂತುಗಳ ನಿರ್ದೇಶನ ತಾದಾವೊ ನಾಗಹಾಮಾ ಅವರದು, 19ನೆಯದರಿಂದ ಒಸಾಮು ದೆಜಾಕಿ ಅವರದು. ದೆಜಾಕಿ ಕೈಗೆ ಬಂದ ಕೂಡಲೇ ನೆರಳು ದಟ್ಟವಾಗುತ್ತದೆ, ಮುಖ್ಯವಾದ ಗಳಿಗೆಗಳಲ್ಲಿ ಚಲನೆ ನಿಂತು ಚೌಕಟ್ಟು ಬಣ್ಣದ ಚಿತ್ರವಾಗಿ ಹೆಪ್ಪುಗಟ್ಟುತ್ತದೆ. ಹೊಸ ಸಿನಿಮಾ ಇದನ್ನೆಲ್ಲ ಹಾಡುಗಳ ಜೊತೆ ಎರಡು ಗಂಟೆಯೊಳಗೆ ಮುಗಿಸುತ್ತದೆ. ನೋಡಲು ಚೆಂದ. ನನಗೆ ಸಾಲಲಿಲ್ಲ.

ಈಗ ಗಂಡುವೇಷದ ಮಾತು. ಜನರಲ್ ಜಾರ್ಜೇಗೆ ಸಾಲಾಗಿ ಹೆಣ್ಣುಮಕ್ಕಳು. 1755ರ ಕ್ರಿಸ್‌ಮಸ್ ದಿನ ಇನ್ನೊಂದು ಹೆಣ್ಣು ಹುಟ್ಟಿದಾಗ ಅವನು ರೋಸಿಹೋಗಿ, ಇದನ್ನು ಗಂಡಾಗಿ ಬೆಳೆಸುತ್ತೇನೆ ಎಂದು ಗಂಡು ಹೆಸರಿಟ್ಟ. ಕತ್ತಿವರಸೆ, ಕುದುರೆ ಸವಾರಿ, ಕೊನೆಗೆ ಅರಮನೆಯ ಕಾವಲು ದಳ. ಆದರೆ ಇದರಲ್ಲಿ ಗುಟ್ಟು ಎಂಬುದೇ ಇಲ್ಲ. ಇದಕ್ಕೂ ಸುಮಾರು ಇಪ್ಪತ್ತು ವರ್ಷ ಮೊದಲು ಒಸಾಮು ತೆಜುಕಾ ಬರೆದ ‘ರಿಬೊನ್ ನೊ ಕಿಶಿ’ಯ ರಾಜಕುಮಾರಿಗೆ ತಾನು ಹೆಣ್ಣೆಂಬುದು ಹೊರಬೀಳಬಾರದು, ಬಿದ್ದರೆ ಸಿಂಹಾಸನ ಹೋಯಿತು. ಆಸ್ಕರ್‌ಗೆ ಆ ಭಯವಿಲ್ಲ. ರಾಜನಿಗೆ ಗೊತ್ತು, ರಾಣಿಗೆ ಗೊತ್ತು, ಲಾಯದಲ್ಲಿ ಕುದುರೆ ಉಜ್ಜುವವನಿಗೂ ಗೊತ್ತು. ಅರಮನೆಯ ಹೆಂಗಸರು ಅವಳು ಹೆಣ್ಣೆಂದು ತಿಳಿದೇ ಅವಳು ಬಂದಾಗ ಬೀಸಣಿಗೆಯ ಹಿಂದೆ ನಿಟ್ಟುಸಿರು ಬಿಡುತ್ತಾರೆ.

ಇಡೀ ಕತೆಯಲ್ಲಿ ಆಸ್ಕರ್ ವೇಷ ಹಾಕುವುದು ಒಂದೇ ಸಲ, ಅದೂ ಹೆಣ್ಣಿನ ವೇಷ. ಸ್ವೀಡನ್ನಿನ ಫೆರ್ಸೆನ್ ಮೇಲೆ ಅವಳಿಗೆ ಮನಸ್ಸು. ಅವನು ರಾಣಿಯನ್ನು ಪ್ರೀತಿಸುವವನು. ಆಸ್ಕರ್ ಅವನ ಪಾಲಿಗೆ ಅತ್ಯುತ್ತಮ ಗೆಳೆಯ. ಒಂದು ರಾತ್ರಿ ಅವಳು ಜೀವನದಲ್ಲಿ ಮೊದಲ ಬಾರಿ ಗೌನು ತೊಟ್ಟು, ಕೂದಲು ಎತ್ತಿ ಕಟ್ಟಿಸಿಕೊಂಡು, ನೃತ್ಯಕೂಟಕ್ಕೆ ಹೋಗುತ್ತಾಳೆ. ದಿನಾ ನೋಡುವ ಮುಖವಾದರೂ ಒಬ್ಬರಿಗೂ ಗುರುತು ಸಿಗುವುದಿಲ್ಲ. ಯಾವುದೋ ಪರದೇಶದ ಶ್ರೀಮಂತೆ ಇರಬೇಕು ಎಂದುಕೊಳ್ಳುತ್ತಾರೆ. ಫೆರ್ಸೆನ್ ಅವಳ ಜೊತೆ ಕುಣಿಯುತ್ತ, ನಿಮ್ಮನ್ನು ನೋಡಿದರೆ ನನ್ನ ಸ್ನೇಹಿತರೊಬ್ಬರ ನೆನಪಾಗುತ್ತದೆ ಎನ್ನುತ್ತಾನೆ. ಹೆಣ್ಣಿನ ಉಡುಪಿನಲ್ಲಿ ಅವಳು ಅಪರಿಚಿತೆ, ದಂಡಿನ ಉಡುಪಿನಲ್ಲಿ ಆಸ್ಕರ್. ಅವಳು ಮತ್ತೆಂದೂ ಗೌನು ಮುಟ್ಟುವುದಿಲ್ಲ.

ಹಾಗಾದರೆ ಅವಳು ಹೆಣ್ಣು ಅಂತ ಜಗತ್ತಿಗೆಲ್ಲ ಗೊತ್ತಿದ್ದೂ ಸೆಲ್ಯೂಟ್ ಯಾಕೆ? ಕತೆಯ ಮೊದಲರ್ಧ ಕೊಡುವ ಉತ್ತರ ಬಹಳ ಒರಟು: ಅಪ್ಪ ದೊಡ್ಡವನು, ರಾಜ ಒಪ್ಪಿದ್ದಾನೆ, ಅಷ್ಟೇ. ಅವಳ ಸಮವಸ್ತ್ರ ಒಂದು ವಿನಾಯಿತಿ ಪತ್ರ. ಮೇಲಿನವರು ಬರೆದುಕೊಟ್ಟದ್ದು, ಮೇಲಿನವರು ಹರಿದುಹಾಕಬಹುದಾದದ್ದು. ಮನೆಗೆ ಗಂಡು ವಾರಸುದಾರ ಬೇಕು ಎಂಬ ಹಟವೇ ಅವಳಿಗೆ ಕತ್ತಿ ಕೊಟ್ಟಿತು. ಅದೇ ಹಟ ಅದೇ ಅರಮನೆಯಲ್ಲಿ ಅವಳ ಓರಗೆಯ ಇನ್ನೊಬ್ಬಳನ್ನು ಬೇರೆ ರೀತಿಯಲ್ಲಿ ಅರೆಯುತ್ತಿತ್ತು. ಮೇರಿ ಆಂಟೊನೆಟ್ ಹುಟ್ಟಿದ್ದೂ 1755ರಲ್ಲೇ. ಹದಿನಾಲ್ಕಕ್ಕೆ ಮದುವೆ, 1770ರ ಮೇ ತಿಂಗಳಲ್ಲಿ. ಮೊದಲ ಮಗು 1778ರ ಡಿಸೆಂಬರಿನಲ್ಲಿ. ಆ ಎಂಟು ವರ್ಷ ವಿಯೆನ್ನಾದಿಂದ ತಾಯಿ ಬರೆದ ಕಾಗದಗಳೇನು, ರಾಯಭಾರಿಗಳ ಲೆಕ್ಕಾಚಾರವೇನು! ಹೆರಿಗೆಯ ಕೋಣೆಯೊಳಗೆ ಆಸ್ಥಾನದವರು ನುಗ್ಗಿ ನಿಂತು ನೋಡುವುದು ಪದ್ಧತಿ. ಆ ಸೆಕೆಗೆ ಬಾಣಂತಿ ಮೂರ್ಛೆ ಹೋದಳು. ಹುಟ್ಟಿದ್ದು ಹೆಣ್ಣು. ಫ್ರಾನ್ಸಿನಲ್ಲಿ ಹೆಣ್ಣಿಗೆ ಪಟ್ಟವಿಲ್ಲ, ಹೆಣ್ಣಿನ ಮೂಲಕವೂ ಪಟ್ಟ ಇಳಿಯುವುದಿಲ್ಲ. ಗಂಡು ಹುಟ್ಟಲು 1781 ಬರಬೇಕಾಯಿತು. ಇಬ್ಬರು ಹುಡುಗಿಯರಿಗೂ ಒಂದೇ ಕಾನೂನು. ಒಬ್ಬಳು ಗಂಡನ್ನು ಹೆರಬೇಕು, ಇನ್ನೊಬ್ಬಳು ತಾನೇ ಗಂಡಾಗಬೇಕು. ಇಕೆದಾ ಇವರಿಬ್ಬರನ್ನು ಎದುರುಬದುರು ನಿಲ್ಲಿಸಿದ್ದು ಸುಮ್ಮನೆ ಅಲ್ಲ.

ಉಡುಪಿನ ವಿಷಯದಲ್ಲಿ ಆ ಕಾಲ ಎಷ್ಟು ಕಟ್ಟುನಿಟ್ಟಾಗಿತ್ತು ಅಂದರೆ, ರಾಣಿಗೂ ಬಿಡುವಿರಲಿಲ್ಲ. 1783ರಲ್ಲಿ ವಿಜೆ ಲ ಬ್ರನ್ ಎಂಬ ಚಿತ್ರಕಾರ್ತಿ ರಾಣಿಯನ್ನು ಸಾದಾ ಬಿಳಿ ಮಸ್ಲಿನ್ ಉಡುಪಿನಲ್ಲಿ, ಕೈಯಲ್ಲೊಂದು ಗುಲಾಬಿ ಹಿಡಿಸಿ ಬರೆದಳು. ಪ್ರದರ್ಶನದಲ್ಲಿಟ್ಟದ್ದೇ ತಡ, ರಾಣಿ ಒಳ ಅಂಗಿಯಲ್ಲಿ ನಿಂತಿದ್ದಾಳೆ ಎಂದು ಗುಲ್ಲಾಗಿ ಚಿತ್ರ ಇಳಿಸಬೇಕಾಯಿತು. ಅದೇ ಭಂಗಿ, ಅದೇ ಗುಲಾಬಿ, ಆದರೆ ರೇಷ್ಮೆ ಉಡುಪು ತೊಡಿಸಿ ಇನ್ನೊಂದು ಬರೆದಳು.

ಇನ್ನೊಂದು ಪ್ರಸಂಗ ಇದಕ್ಕಿಂತ ವಿಚಿತ್ರ, ಮತ್ತು ಪೂರ್ತಿ ನಿಜ. ಶೆವಾಲಿಯೇ ದೆಯೋಂ. 1728ರಲ್ಲಿ ಗಂಡೆಂದು ದಾಖಲಾಗಿ ಹುಟ್ಟಿದವರು. ಅಶ್ವದಳದ ಕ್ಯಾಪ್ಟನ್, ಹದಿನೈದನೇ ಲೂಯಿಯ ಗೂಢಚಾರ. ಇವರು ಗಂಡೋ ಹೆಣ್ಣೋ ಎಂದು ಲಂಡನ್ನಿನಲ್ಲಿ ಜನ ದುಡ್ಡು ಕಟ್ಟಿ ಪಂದ್ಯ ಆಡಿದರು. 1777ರಲ್ಲಿ ಪಂದ್ಯದ ಜಗಳ ಕೋರ್ಟಿಗೆ ಹೋಗಿ ಹೆಣ್ಣೆಂದು ತೀರ್ಪಾಯಿತು. ಅದೇ ವರ್ಷ ಫ್ರಾನ್ಸಿಗೆ ಮರಳಿ, ದಳದ ಸಮವಸ್ತ್ರದಲ್ಲೇ ವರ್ಸೇಲ್ಸಿಗೆ ಬಂದಾಗ ಹದಿನಾರನೇ ಲೂಯಿಯ ಆಜ್ಞೆ: ಸಮವಸ್ತ್ರ ಬಿಚ್ಚಿ, ಹೆಣ್ಣಿನ ಉಡುಪು ಹಾಕಿ. ಹೆಣ್ಣಾಗಿ ಬಾಳಲು ದೆಯೋಂ ಅವರೇ ಒಪ್ಪಿದ್ದರು. ಸಮವಸ್ತ್ರ ಬಿಡಲು ಮಾತ್ರ ಮನಸ್ಸಿರಲಿಲ್ಲ. ಅಮೆರಿಕದ ಯುದ್ಧಕ್ಕೆ ಹೋಗುತ್ತೇನೆ, ಮತ್ತೆ ಸಮವಸ್ತ್ರ ಹಾಕುತ್ತೇನೆ ಎಂದು ಹಟ ಹಿಡಿದದ್ದಕ್ಕೆ 1779ರಲ್ಲಿ ದಿಜೋಂ ಕೋಟೆಯಲ್ಲಿ ಕೂಡಿಹಾಕಿದರು. ಮುಂದೆ ಲಂಡನ್ನಿನಲ್ಲಿ ಹೆಣ್ಣಾಗಿಯೇ ಬದುಕಿ 1810ರಲ್ಲಿ ತೀರಿಕೊಂಡ ಮೇಲೆ ವೈದ್ಯರು ನೋಡಿದರೆ ದೇಹ ಗಂಡಿನದು. ಪಂದ್ಯ ಕಟ್ಟಿದವರಿಗೂ ರಾಜನಿಗೂ ಬೇಕಿದ್ದದ್ದು ಒಂದೇ: ಒಂದು ಡಬ್ಬಿ ಆರಿಸಿಕೋ, ಅದರೊಳಗೆ ಕೂತುಕೋ. ದೆಯೋಂ ಅವರಿಗೆ ಬೇಕಿದ್ದದ್ದು ಹೆಣ್ಣೆಂಬ ಹೆಸರೂ ದಂಡಿನ ಪದವಿಯೂ ಒಟ್ಟಿಗೆ.

ಮೇಲಿನ ಪ್ಯಾರಾದಲ್ಲಿ ನಾನು ‘ಬಂದನು’ ಅಂತಲೂ ಬರೆಯಲಿಲ್ಲ, ‘ಬಂದಳು’ ಅಂತಲೂ ಬರೆಯಲಿಲ್ಲ, ಗಮನಿಸಿರಬಹುದು. ‘ಒಪ್ಪಿದ್ದರು’ ಎಂದು ದಾಟಿಕೊಂಡೆ. ಇದು ನಮ್ಮ ಭಾಷೆಯಲ್ಲಿ ಬರೆಯುವವರ ಕಷ್ಟವೂ ಹೌದು, ಅನುಕೂಲವೂ ಹೌದು. ಜಪಾನಿಯಲ್ಲಿ ಕ್ರಿಯಾಪದಕ್ಕೆ ಲಿಂಗ ಅಂಟುವುದಿಲ್ಲ. ಆಸ್ಕರ್ ತನ್ನನ್ನು ‘ವತಾಶಿ’ ಎಂದುಕೊಳ್ಳುತ್ತಾಳೆ, ಅದು ಗಂಡಸರೂ ಹೆಂಗಸರೂ ಬಳಸುವ ಮಾತು. ವಾಕ್ಯ ಮುಗಿಸುವ ಗತ್ತು ಮಾತ್ರ ದಂಡಿನ ಅಧಿಕಾರಿಯದು. ಇಡೀ ಕಂತು ಹೀಗೇ ಸಾಗಬಹುದು. ಕನ್ನಡದಲ್ಲಿ ಅವಳ ಬಗ್ಗೆ ಒಂದು ವಾಕ್ಯ ಬರೆಯುವಷ್ಟರಲ್ಲಿ, ಕುದುರೆ ಏರಿದನೋ ಏರಿದಳೋ ಎಂದು ತೀರ್ಮಾನ ಕೊಟ್ಟಾಗಿರುತ್ತದೆ. ತಪ್ಪಿಸಿಕೊಳ್ಳಲು ಎರಡೇ ಕಿಂಡಿ. ಒಂದು, ಅವಳೇ ಮಾತಾಡಬೇಕು: ‘ನಾನು ಬಂದೆ’ ಎನ್ನುವುದಕ್ಕೆ ಗಂಡು ಹೆಣ್ಣಿನ ಗೊಡವೆಯಿಲ್ಲ. ಇನ್ನೊಂದು, ಗೌರವ ಕೊಡಬೇಕು: ‘ಬಂದರು.’ (ಅವಳ ಜೊತೆಗಾರ ಆಂದ್ರೆಯ ಹೆಸರು ಇನ್ನೊಂದು ತಲೆನೋವು. ‘ಆಂದ್ರೆ ಅಂದ್ರೆ ಯಾರು’ ಅಂತ ಒಮ್ಮೆ ಬರೆದು ನಾನೇ ನಕ್ಕಿದ್ದೇನೆ.)

ನಾನು ‘ಅವಳು’ ಎಂದೇ ಬರೆಯುವುದಕ್ಕೆ ಕಾರಣ, ಕತೆಯೊಳಗೆ ಅವಳು ತಾನು ಹೆಣ್ಣೆಂಬುದನ್ನು ಎಲ್ಲೂ ಅಲ್ಲಗಳೆಯುವುದಿಲ್ಲ. ಗಂಡಾಗಿ ಬದುಕುತ್ತೇನೆ ಎಂದು ಒಂದು ಹಂತದಲ್ಲಿ ಶಪಥ ಮಾಡುತ್ತಾಳೆ, ಹೌದು. ಅದು ಫೆರ್ಸೆನ್ ವಿಷಯದಲ್ಲಿ ಮನಸ್ಸು ಮುರಿದ ಹೊತ್ತು, ಅರಮನೆಯ ಕಾವಲು ಬಿಟ್ಟು ಬೇರೆ ಕೆಲಸ ಹುಡುಕುವ ಹೊತ್ತು. ಅಷ್ಟು ಹೇಳಿದ ಮೇಲೂ, ಗಂಡು ಹೆಣ್ಣು ಎರಡರೊಳಗೂ ಹಿಡಿಸದ ಓದುಗರು ಐವತ್ತು ವರ್ಷಗಳಿಂದ ಆಸ್ಕರ್‌ನಲ್ಲಿ ತಮ್ಮನ್ನು ಕಂಡುಕೊಂಡಿದ್ದರೆ, ಅವರಿಗೆ ಹಾಗಲ್ಲ ಹೀಗೆ ಎಂದು ತಿದ್ದುವ ಕೆಲಸ ನನ್ನದಲ್ಲ. 1974ರಿಂದ ತಕರಾಜುಕಾ ರಂಗತಂಡ ಈ ಕತೆಯನ್ನು ಆಡುತ್ತಿದೆ. ಅಲ್ಲಿ ಎಲ್ಲ ಪಾತ್ರಗಳೂ ಹೆಂಗಸರದೇ. ಗಂಡುಪಾತ್ರಕ್ಕೆಂದೇ ಧ್ವನಿ, ನಡಿಗೆ, ಭುಜದ ಠೀವಿ ಪಳಗಿಸಿಕೊಂಡ ನಟಿಯರನ್ನು ‘ಒತೊಕೊಯಾಕು’ ಎನ್ನುತ್ತಾರೆ. ಗಂಡಾಗಿ ಪಳಗಿದ ಹೆಣ್ಣು ಗಂಡಾಗಿ ಬೆಳೆದ ಹೆಣ್ಣಿನ ಪಾತ್ರ ಕಟ್ಟುತ್ತಾಳೆ, ನೋಡಲು ಬರುವವರು ಬಹುಪಾಲು ಹೆಂಗಸರು. ಮದುವೆಯಾದರೆ ನಟಿ ತಂಡ ಬಿಡಬೇಕು ಎನ್ನುವುದು ಅಲ್ಲಿಯ ನಿಯಮ.

ಮದುವೆ ಎಂದದ್ದಕ್ಕೆ ನೆನಪಾಯಿತು. ಕತೆ ನಿಜವಾಗಿ ತಿರುಗುವುದು ಮದುವೆಯ ಪ್ರಸ್ತಾಪದಲ್ಲೇ. ದೇಶದಲ್ಲಿ ಬ್ರೆಡ್ಡಿಗೆ ಹಾಹಾಕಾರ, ದಂಗೆ ಹತ್ತಿರವಾಗುತ್ತಿದೆ. ಜನರಲ್‌ಗೆ ಭಯ. ಮೂವತ್ತು ವರ್ಷ ಮಗ ಎಂದು ಬೆಳೆಸಿದವಳನ್ನು ಕರೆದು, ನಿನಗೆ ಗಂಡು ನೋಡುತ್ತೇನೆ, ದಂಡು ಬಿಡು ಎನ್ನುತ್ತಾನೆ. ವರ ಅವಳದೇ ಕೈಕೆಳಗಿದ್ದ ಅಧಿಕಾರಿ ಜೆರೊದೆಲ್. ಮಂಗಾದಲ್ಲಿ ಅಪ್ಪ ವರಾನ್ವೇಷಣೆಗೆಂದೇ ಒಂದು ನೃತ್ಯಕೂಟ ಏರ್ಪಡಿಸಿದರೆ ಮಗಳು ದಂಡಿನ ಪೂರ್ಣ ಸಮವಸ್ತ್ರದಲ್ಲಿ ಬಂದು, ವರಗಳನ್ನು ಬಿಟ್ಟು ಹೆಂಗಸರ ಜೊತೆ ಕುಣಿದು ಕೂಟ ಹಾಳುಮಾಡುತ್ತಾಳೆ. ಓದುವಾಗ ನಗು ಬರುತ್ತದೆ. ಆದರೆ ಆಮೇಲೆ ಅಪ್ಪನೆದುರು ನಿಂತು ಅವಳು ಹೇಳುವುದು ನಗುವ ಮಾತಲ್ಲ: ಹೆಣ್ಣಾಗಿ ಹುಟ್ಟಿದ ನನಗೆ ಇಷ್ಟು ವಿಶಾಲವಾದ ಲೋಕದಲ್ಲಿ ಮನುಷ್ಯಳಾಗಿ ಬದುಕುವ ದಾರಿ ಕೊಟ್ಟಿರಿ, ಅದಕ್ಕೆ ಋಣಿ ಎಂದು ಕೃತಜ್ಞತೆ ಹೇಳಿ, ಮದುವೆ ಬೇಡವೆನ್ನುತ್ತಾಳೆ. ಅಪ್ಪ ತನ್ನ ಅನುಕೂಲಕ್ಕೆ ತೊಡಿಸಿದ ಅಂಗಿ ಅವಳದಾದದ್ದು ಅದನ್ನು ಬಿಚ್ಚಿಕೊಡು ಎಂದಾಗ ಅವಳು ಬಿಚ್ಚದೇ ಇದ್ದಾಗ. ಅವಳ ಗುರುತು ಏನು ಎಂದು ನನ್ನನ್ನು ಕೇಳಿದರೆ ನಾನು ತೋರಿಸುವುದು ಈ ಗಳಿಗೆಯನ್ನು.

ಅಷ್ಟರಲ್ಲಿ ಅವಳು ‘ಗಾರ್ದ್ ಫ್ರಾಂಸೇಸ್’ ದಳಕ್ಕೆ ಹೋಗಿದ್ದಾಳೆ. ಇವರು ಅರಮನೆಯ ಶೋಕಿಯ ಕಾವಲುಗಾರರಲ್ಲ. ಪ್ಯಾರಿಸ್ಸಿನ ಬೀದಿಯಲ್ಲಿ ಬದುಕುವ ಬಡ ಸಿಪಾಯಿಗಳು. ಚರಿತ್ರೆಯಲ್ಲೂ ಹಾಗೇ, ಸಂಬಳ ಸಾಲದೆ ಊರಲ್ಲಿ ಬೇರೆ ಕೆಲಸ ಮಾಡುತ್ತಿದ್ದರು, ಅಲ್ಲೇ ಸಂಸಾರ. ಹೆಣ್ಣಿನ ಕೈಕೆಳಗೆ ನಿಲ್ಲುವುದಿಲ್ಲವೆಂದು ಅವರು ತಪಾಸಣೆಗೇ ಬರುವುದಿಲ್ಲ. ಅರಮನೆಯಲ್ಲಿ ನಡೆದ ಅಪ್ಪನ ಹೆಸರು ಇಲ್ಲಿ ನಡೆಯುವುದಿಲ್ಲ. ಕತ್ತಿ ಹಿಡಿದು ಒಬ್ಬೊಬ್ಬರೊಡನೆ ಸೆಣಸಬೇಕು. ಬಂದೂಕು ಮಾರಿ ಮನೆಗೆ ಬ್ರೆಡ್ ಒಯ್ದವನ ಪರ ವಾದಿಸಬೇಕು. ಅಲಾನ್ ಎಂಬ ಸಿಡುಕಿನ ಸಿಪಾಯಿ ಅವಳನ್ನು ಒಪ್ಪಿಕೊಳ್ಳಲು ಹಲವು ಕಂತು ಹಿಡಿಯುತ್ತದೆ. ಈ ಕಂತುಗಳ ಸಂಭಾಷಣೆಯನ್ನು ನಾನು ನನ್ನ ಖುಷಿಗೆ ಕನ್ನಡಕ್ಕೆ ತರುತ್ತಿದ್ದಾಗ ಸಿಪಾಯಿಗಳ ಬಾಯಲ್ಲಿ ಮೊದಲು ‘ಬಂದಳು ನೋಡು’ ಎಂದು ಬರೆದೆ. ಮುಂದೆ ಯಾವ ಕಂತಿನಲ್ಲಿ ಅದು ‘ಬಂದರು’ ಆಗಬೇಕು ಎಂದು ಕೂತು ಯೋಚಿಸಬೇಕಾಯಿತು. ಜಪಾನಿ ಮೂಲದಲ್ಲಿ ಕಾಣದ ಒಂದು ಗೆರೆಯನ್ನು ಕನ್ನಡ ಎಳೆಯಲೇಬೇಕು ಎನ್ನುತ್ತದೆ. ಅಮ್ಮನ ಮೂರನೇ ಪ್ರಶ್ನೆಗೆ ಕತೆಯ ಎರಡನೇ ಉತ್ತರ ಈ ಬ್ಯಾರಕ್‌ನಲ್ಲಿದೆ: ಇಲ್ಲಿ ಸೆಲ್ಯೂಟ್ ಬಂದದ್ದು ದುಡಿದ ಮೇಲೆ.

ಇಷ್ಟು ಪ್ರೀತಿಸುವ ಸರಣಿಯ ಬಗ್ಗೆ ನನಗೆ ಎರಡು ತಕರಾರಿವೆ.

ಒಂದು, ಆಂದ್ರೆ ಅವಳ ಅಂಗಿ ಹರಿಯುವ ದೃಶ್ಯ. ಬಾಲ್ಯದಿಂದ ಜೊತೆಗಿದ್ದವನು, ದಾದಿಯ ಮೊಮ್ಮಗ, ಬಾಯಿಬಿಟ್ಟು ಹೇಳಲಾಗದ ಪ್ರೀತಿ ಹೊತ್ತವನು, ಒಂದು ಸಂಜೆ ಅವಳ ಮೇಲೆ ಬೀಳುತ್ತಾನೆ. ಕೆಂಪಗೆ ಅರಳಿದರೂ ಬಿಳಿಯಾಗಿ ಅರಳಿದರೂ ಗುಲಾಬಿ ಗುಲಾಬಿಯೇ, ಬೇರೆ ಹೂವಾಗಲಾರದು ಎಂಬ ಅರ್ಥದ ಮಾತನ್ನೂ ಆಡುತ್ತಾನೆ. ಅಂದರೆ ನೀನೇನೇ ಮಾಡಿದರೂ ಕೊನೆಗೆ ಹೆಣ್ಣೇ ಎಂದು. ಅವನು ತಕ್ಷಣ ಅತ್ತು ಕ್ಷಮೆ ಕೇಳುತ್ತಾನೆ ನಿಜ. ಆದರೂ ಸರಣಿ ಆ ಮಾತನ್ನು ದೊಡ್ಡ ಸತ್ಯವೆಂಬಂತೆ ಇಡುತ್ತದೆ, ಹಿನ್ನೆಲೆ ಸಂಗೀತ ಬೇರೆ. ‘ಎಷ್ಟು ರೊಮ್ಯಾಂಟಿಕ್’ ಎಂದು ಇದನ್ನು ಹಂಚಿಕೊಳ್ಳುವವರನ್ನು ಕಂಡರೆ ನನಗೆ ಹೇಳಲಿಕ್ಕೆ ಮಾತು ಸಿಗುವುದಿಲ್ಲ.

ಎರಡನೆಯದು ಇನ್ನೂ ದೊಡ್ಡದು. 1789ರ ಜುಲೈ 13. ಪ್ಯಾರಿಸ್ಸಿನ ಜನರ ಮೇಲೆ ನುಗ್ಗಲು ದಳಕ್ಕೆ ಆಜ್ಞೆ ಬಂದಿದೆ. ಮಂಗಾದ ಆಸ್ಕರ್ ಸಿಪಾಯಿಗಳೆದುರು ನಿಂತು ತಾನೇ ಪದಕಗಳನ್ನು ಕಿತ್ತೆಸೆಯುತ್ತಾಳೆ. ಹುಟ್ಟಿನಿಂದ ಬಂದ ಬಿರುದು, ದೊರೆ ಕೊಟ್ಟ ಪದವಿ ಎಲ್ಲವನ್ನೂ ಇಲ್ಲಿಗೆ ಬಿಟ್ಟೆ ಎಂದು ಘೋಷಿಸಿ ಜನರ ಕಡೆಗೆ ನಡೆಯುತ್ತಾಳೆ. ಅಪ್ಪನಿಗೆ ಕೊಡದ ಸಮವಸ್ತ್ರದ ಮಾನವನ್ನು ತಾನಾಗಿ ಬಿಚ್ಚುತ್ತಾಳೆ, ಯಾಕೆಂದರೆ ಈಗ ಅದು ಅವಳದು, ಇಟ್ಟುಕೊಳ್ಳಲೂ ಬಿಡಲೂ ಅವಳಿಗೆ ಹಕ್ಕಿದೆ. ಏಳು ವರ್ಷದ ನಂತರ ಬಂದ ಅನಿಮೆಯಲ್ಲಿ ಇದೇ ಘಟನೆ ಬೇರೆಯಾಗಿದೆ. ಅಷ್ಟರಲ್ಲಿ ಆಂದ್ರೆ, ಆಸ್ಕರ್ ಒಂದಾಗಿದ್ದಾರೆ. ದಳದ ಮುಂದೆ ಆಸ್ಕರ್, ಆಂದ್ರೆಯನ್ನು ತನ್ನ ಗಂಡನೆಂದು ಕರೆದು, ಅವನು ಜನರ ಜೊತೆ ಹೋಗುವುದಾದರೆ ತಾನೂ ಅವನನ್ನು ಹಿಂಬಾಲಿಸುವೆ ಎನ್ನುತ್ತಾಳೆ! ಮೂವತ್ತೆಂಟು ಕಂತು ಕಾದು ಕೂತದ್ದು ಇದಕ್ಕಾ ಎನಿಸಿತು. ದೆಜಾಕಿ ಅವರನ್ನು ಸಮರ್ಥಿಸುವವರು, ಅವಳು ಒಬ್ಬ ಆಳನ್ನು ಗಂಡನೆಂದು ಎಲ್ಲರೆದುರು ಒಪ್ಪಿಕೊಂಡದ್ದೇ ಕ್ರಾಂತಿ ಎನ್ನುತ್ತಾರೆ. ವರ್ಗದ ಲೆಕ್ಕದಲ್ಲಿ ಆ ಮಾತಿಗೆ ತೂಕವಿದೆ. ದೆಜಾಕಿ ಕಣ್ಣು ಯಾವತ್ತೂ ಬೀದಿಯ ಜನರ ಮೇಲೆ. ಹೆಣ್ಣಿನ ಲೆಕ್ಕದಲ್ಲಿ ಮಾತ್ರ ಅಪ್ಪನಿಂದ ಬಿಡಿಸಿಕೊಂಡ ನಿರ್ಧಾರವನ್ನು ಗಂಡನ ಕೈಗೆ ಕೊಟ್ಟಂತಾಯಿತು.

ಬರೆದವಳು ಹೆಂಗಸು, ಬದಲಿಸಿದವನು ಗಂಡಸು ಎಂದು ಸುಲಭಕ್ಕೆ ಮುಗಿಸಿಬಿಡಬಹುದು. ನಾನು ಹಾಗೆ ಮಾಡಲಾರೆ. ಆದರೆ ಇಕೆದಾ ಯಾವ ಮೇಜಿನ ಮೇಲೆ ಇದನ್ನು ಬರೆದರು ಎನ್ನುವುದು ಮರೆಯಬಾರದ ವಿಷಯ. ಹೆಣ್ಣುಮಕ್ಕಳಿಗೆ ಚರಿತ್ರೆಯ ಕತೆ ಹಿಡಿಸುವುದಿಲ್ಲವೆಂದು ಪತ್ರಿಕೆಯವರು ಹಿಂಜರಿದಿದ್ದರು. ತಮಗೆ ಕೊಡುತ್ತಿದ್ದ ಸಂಭಾವನೆ ಗಂಡು ಮಂಗಾಕಾರರದರ ಅರ್ಧ ಮಾತ್ರ, ಯಾಕೆಂದು ಕೇಳಿದರೆ ನೀವು ನಾಳೆ ಮದುವೆಯಾಗಿ ಗಂಡನ ಅನ್ನ ಉಣ್ಣುವವರು, ಅವರು ಹೆಂಡತಿಮಕ್ಕಳನ್ನು ಸಾಕಬೇಕು ಎಂಬ ಉತ್ತರ ಬಂತು ಎಂದು ಇಕೆದಾ ಸಂದರ್ಶನಗಳಲ್ಲಿ ಹೇಳಿದ್ದಾರೆ. ಜಪಾನಿನಲ್ಲಿ ಉದ್ಯೋಗದಲ್ಲಿ ಸಮಾನ ಅವಕಾಶದ ಕಾನೂನು ಬಂದದ್ದು 1985ರಲ್ಲಿ. ಆಸ್ಕರ್‌ಳ ಪದವಿ, ದಳ, ಹುಕುಂ ಇವೆಲ್ಲ ಟೋಕಿಯೊದ ಹುಡುಗಿಗೆ ಅರಮನೆಯ ಕನಸಿನ ಜೊತೆಗೆ ಆಫೀಸಿನ ಕನಸೂ ಆಗಿದ್ದವು. ಕೈಕೆಳಗಿನ ಗಂಡಸರು ಮಾತು ಕೇಳುವ, ತಪ್ಪಿಗೆ ಅವಳೇ ಹೊಣೆಯಾಗುವ ಒಂದು ಕೆಲಸ.

ಮತ್ತೆ ಕೆಲವರು ಕೇಳುತ್ತಾರೆ, ಇಂಥವಳು ನಿಜವಾಗಿ ಇದ್ದಳಾ? ಇಲ್ಲ. ಜಾರ್ಜೇ ಎಂಬ ಅಧಿಕಾರಿಯೊಬ್ಬ ಇದ್ದದ್ದು ಹೌದು, ಆದರೆ ಅವನು ಕೊನೆಯವರೆಗೂ ರಾಣಿಯ ಕಡೆ. 1793ರಲ್ಲಿ ಅವಳನ್ನು ಸೆರೆಯಿಂದ ಪಾರುಮಾಡಲು ಹೊಂಚು ಹಾಕಿದವನು. ಗಾರ್ದ್ ಫ್ರಾಂಸೇಸ್ ಜನರ ಕಡೆ ಸೇರಿದ್ದೂ ನಿಜ. ಪ್ಯಾರಿಸ್ಸಿನ ಸೆರೆಮನೆ ಕೋಟೆ ಬಾಸ್ಟೀಲ್‌ಗೆ ಅವರು ತಂದ ಫಿರಂಗಿಗಳಿಂದಲೇ ಆಟ ತಿರುಗಿತು. ಅವರನ್ನು ನಡೆಸಿದವರಲ್ಲಿ ಯೂಲಾಂ ಒಬ್ಬ. ಆಮೇಲೆ ಬಾಸ್ಟೀಲ್ ಗೆದ್ದವರು ಎಂದು ಅಧಿಕೃತ ಪಟ್ಟಿ ಮಾಡಿದಾಗ ಒಂಬೈನೂರಕ್ಕೂ ಹೆಚ್ಚು ಹೆಸರುಗಳಲ್ಲಿ ಹೆಣ್ಣಿನ ಹೆಸರು ಒಂದೇ ಒಂದು: ಮಾರಿ ಶಾರ್ಪಾಂತಿಯೇ, ಬಟ್ಟೆ ಒಗೆಯುವ ಕೆಲಸದವಳು. ಹೊಂಬಣ್ಣದ ಕೂದಲಿತ್ತೋ ಇಲ್ಲವೋ.

ಕತೆಯ ಆಸ್ಕರ್ ಜುಲೈ 14ರಂದು, ಮೂವತ್ಮೂರು ವರ್ಷಕ್ಕೆ, ಬಾಸ್ಟೀಲ್ ಬಿತ್ತೆಂದು ಕೇಳಿ ಕಣ್ಣು ಮುಚ್ಚುತ್ತಾಳೆ. ಮುಂದಿನ ನಾಲ್ಕು ವರ್ಷ ಅವಳು ನೋಡಲಿಲ್ಲ. ಅದೇ ಅಕ್ಟೋಬರಿನಲ್ಲಿ ಸಂತೆಯ ಹೆಂಗಸರು ಮಳೆಯಲ್ಲಿ ವರ್ಸೇಲ್ಸ್‌ವರೆಗೆ ನಡೆದು ರಾಜನನ್ನೇ ಪ್ಯಾರಿಸ್ಸಿಗೆ ಕರೆತಂದರು. 1792ರ ಮಾರ್ಚಿನಲ್ಲಿ ಪೋಲಿನ್ ಲೆಯೋಂ ಮುನ್ನೂರಕ್ಕೂ ಹೆಚ್ಚು ಹೆಂಗಸರ ಸಹಿ ಹಾಕಿಸಿಕೊಂಡು ಹೋಗಿ, ನಮಗೂ ಆಯುಧ ಕೊಡಿ, ಕವಾಯತು ಕಲಿಯಲು ಬಿಡಿ ಎಂದು ಶಾಸನಸಭೆಯ ಮುಂದೆ ಓದಿದಳು. ಫೆರ್ನಿಗ್ ಅಕ್ಕತಂಗಿಯರು ಆ ವರ್ಷ ಜೆಮಾಪ್ ಯುದ್ಧದಲ್ಲಿ ಕುದುರೆಯ ಮೇಲೆ ಕಾದಾಡಿದರು. 1793ರ ಏಪ್ರಿಲ್ 30ಕ್ಕೆ ಬಂತು ಆಜ್ಞೆ: ಬಟ್ಟೆ ಒಗೆಯುವವರು, ಸಾಮಾನು ಮಾರುವವರು ಬಿಟ್ಟು ಮಿಕ್ಕ ಹೆಂಗಸರೆಲ್ಲ ದಂಡಿನಿಂದ ಹೊರಗೆ. ಅಕ್ಟೋಬರ್ 30ಕ್ಕೆ ಹೆಂಗಸರ ಸಂಘಗಳೆಲ್ಲ ಬಂದ್. ನಾಲ್ಕೇ ದಿನಕ್ಕೆ, ಹೆಣ್ಣಿನ ಹಕ್ಕುಗಳ ಘೋಷಣೆ ಬರೆದ ಒಲಾಂಪ್ ದ ಗೂಜ್ ತಲೆ ಗಿಲೊಟಿನ್‌ಗೆ.

1800ರ ನವೆಂಬರಿನಲ್ಲಿ ಪ್ಯಾರಿಸ್ ಪೊಲೀಸರು ಹೊರಡಿಸಿದ ಒಂದು ಆದೇಶವೂ ಇದೆ, ನೋಡಿ. ಗಂಡಸರ ಉಡುಪು ತೊಡಬೇಕಾದ ಹೆಂಗಸು ಠಾಣೆಗೆ ಬಂದು, ಆರೋಗ್ಯಾಧಿಕಾರಿಯ ಪತ್ರ ತೋರಿಸಿ, ಪರವಾನಗಿ ಪಡೆಯಬೇಕು. ವಿನಾಯಿತಿ ಪತ್ರ, ಮತ್ತೆ. ಅದು ಈಗ ಜಾರಿಯಲ್ಲಿಲ್ಲವೆಂದು ಫ್ರಾನ್ಸ್ ಸರಕಾರ ಸ್ಪಷ್ಟವಾಗಿ ಹೇಳಿದ್ದು 2013ರಲ್ಲಿ. ಈ ಸಂಗತಿ ತಿಳಿದ ಮೇಲೆ ಆಸ್ಕರ್ ಪ್ಯಾಂಟು ಹಾಕಿ ಕುದುರೆ ಏರುವ ಮೊದಲ ದೃಶ್ಯವನ್ನು ನಾನು ಮೊದಲಿನಂತೆ ನೋಡಲಾಗಿಲ್ಲ.

ಅಮ್ಮ ಆ ಭಾನುವಾರದ ಮೇಲೆ ಸಂಜೆಗೊಂದು ಕಂತಿನಂತೆ ಪೂರ್ತಿ ನೋಡಿದಳು. ಜಪಾನಿ ಗೊತ್ತಿಲ್ಲ, ಇಂಗ್ಲಿಷ್ ಸಬ್‌ಟೈಟಲ್ ಓಡುವ ವೇಗಕ್ಕೆ ಕಣ್ಣು ಓಡುವುದಿಲ್ಲ. ನಾನೇ 40 ಕಂತೂ ಪಕ್ಕದಲ್ಲಿ ಕೂತು ಹೇಳಿದೆ. ಗೌನಿನ ಕಂತಿನ ದಿನ "ಇವಳಿಗ್ಯಾಕೆ ಬೇಕಿತ್ತು ಇದು, ಅದೇ ಚೆನ್ನಾಗಿತ್ತು" ಅಂದಳು. ಅಂಗಿ ಹರಿದ ದಿನ ಎದ್ದು ಅಡುಗೆಮನೆಗೆ ಹೋದಳು. ಗಂಡನ ಹಿಂದೆ ಹೋಗುವೆ ಎಂದ ದಿನ, ನಾನು ಸಿಡಿಮಿಡಿಗೊಂಡು ರಿಮೋಟ್ ಕುಕ್ಕಿದಾಗ, ಏನೂ ಹೇಳಲಿಲ್ಲ.

ಬಾಸ್ಟೀಲ್ ಕಂತಿಗೆ ನನ್ನ ಚಿಕ್ಕಮ್ಮನೂ ಬಂದಿದ್ದರು. ಓಣಿಯ ಗೋಡೆಗೆ ಒರಗಿ ಮಲಗಿಸಿದ ಆಸ್ಕರ್, ಸುತ್ತ ಅಳುವ ಸಿಪಾಯಿಗಳು, ದೂರದಲ್ಲಿ ಕೋಟೆಯ ಮೇಲೆ ಏರುವ ಬಿಳಿ ಬಾವುಟ. ಚಿತ್ರ ಹೆಪ್ಪುಗಟ್ಟಿತು.

"ಸತ್ತನಾ?" ಅಂದರು ಚಿಕ್ಕಮ್ಮ, ಆಗಷ್ಟೇ ಬಂದು ಕೂತವರು.

ಅಮ್ಮ ಪರದೆಯಿಂದ ಕಣ್ಣು ತೆಗೆಯದೆ, "ಹೋಗ್ಬಿಟ್ರು" ಅಂದಳು.